ಒಂದೆಲಗ ಹಳದಿಯಾದರೆ, ತಂಬುಳಿ ಕಹಿಯಾದರೆ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ಊರು ಶಿರಸಿ ಕಡೆ. ಅಲ್ಲಿ ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ಒಂದೆಲಗ ತಾನಾಗಿ ಹಬ್ಬಿಕೊಂಡಿರುತ್ತದೆ. ಯಾರೂ ನೆಟ್ಟಿದ್ದಲ್ಲ, ಯಾರೂ ಗೊಬ್ಬರ ಹಾಕಿದ್ದಲ್ಲ. ಮಧ್ಯಾಹ್ನದ ತಂಬುಳಿಗೆ ಬೇಕು ಅನ್ನಿಸಿದಾಗ ಆಯಿ ಹೋಗಿ ಒಂದು ಹಿಡಿ ಕೊಯ್ದು ತರುತ್ತಿದ್ದಳು. ಅದೇ ಗಿಡವನ್ನು ಬೆಂಗಳೂರಿನ ತಾರಸಿಯಲ್ಲಿ ಬೆಳೆಸಲು ಹೊರಟೆ. ಮೂರು ವರ್ಷದಲ್ಲಿ ನಾಲ್ಕು ಸಲ ಸತ್ತಿತು. ಪ್ರತಿ ಸಲವೂ ಕಾರಣ ಬೇರೆ ಬೇರೆ ಅಂದುಕೊಂಡಿದ್ದೆ. ಈಗ ತಿರುಗಿ ನೋಡಿದರೆ ಒಂದು ಸಲ ಬಿಟ್ಟು ಉಳಿದ ಮೂರು ಸಲವೂ ತಪ್ಪು ನೀರಿನಲ್ಲೇ ಇತ್ತು. ನೀರು ಕಡಿಮೆಯಾಗಿ ಅಲ್ಲ, ಸರಿಯಲ್ಲದ ನೀರನ್ನು ಸರಿಯಲ್ಲದ ರೀತಿಯಲ್ಲಿ ಕೊಟ್ಟಿದ್ದರಿಂದ.

ಹಾಗಾಗಿ ಈ ಬರಹ. ಕುಂಡದಲ್ಲೋ ಹಿತ್ತಲಿನಲ್ಲೋ ಒಂದೆಲಗ ಬೆಳೆಸುತ್ತಿದ್ದು ಏನೋ ಸರಿ ಇಲ್ಲ ಅನ್ನಿಸಿದರೆ, ಮೊದಲು ಏನು ನೋಡಬೇಕು, ಆಮೇಲೆ ಏನು ನೋಡಬೇಕು ಅನ್ನುವುದನ್ನು ನಾನು ನೋಡುವ ಕ್ರಮದಲ್ಲೇ ಬರೆದಿದ್ದೇನೆ. ಅಡುಗೆಮನೆಯಲ್ಲಿ ಆಗುವ ಎಡವಟ್ಟುಗಳೂ ಇದರಲ್ಲಿವೆ, ಯಾಕೆಂದರೆ ಕೆಲವು ಸಲ ಗಿಡ ಸರಿಯಾಗೇ ಇರುತ್ತದೆ, ರುಬ್ಬುವಾಗ ಕೆಡುತ್ತದೆ.

ಮೊದಲು, ಅದು ಒಂದೆಲಗವೇ?

ಇದನ್ನು ಕೇಳದೆ ಮುಂದೆ ಹೋಗಬೇಡಿ. ನನ್ನ ಮೊದಲ ಗಿಡ ಒಂದೆಲಗವೇ ಆಗಿರಲಿಲ್ಲ. ಒಂದು ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೊಟ್ಟರು, ದುಂಡಗಿನ ಹೊಳೆಯುವ ಎಲೆ, ನೋಡಲು ಬಹಳ ಚೆಂದ. ತಂಬುಳಿ ಮಾಡಿದೆ, ಆಯಿಯ ತಂಬುಳಿಯ ಪರಿಮಳ ಬರಲೇ ಇಲ್ಲ. ಅದು ಹೈಡ್ರೋಕೊಟೈಲ್ ಜಾತಿಯ ಗಿಡ. ಅಕ್ವೇರಿಯಂಗೂ ನೀರಿನ ಕುಂಡಕ್ಕೂ ಅಂದಕ್ಕಾಗಿ ಇಡುವಂಥದ್ದು.

ಗುರುತು ಹಿಡಿಯುವುದು ಸುಲಭ. ಎಲೆಯನ್ನು ತಿರುಗಿಸಿ ತೊಟ್ಟು ಎಲ್ಲಿ ಸೇರಿದೆ ನೋಡಿ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದಲ್ಲಿರುತ್ತದೆ. ಒಂದು ಕಡೆ ಸೀಳಿದ ಹಾಗೆ ಒಳಸರಿದಿರುತ್ತದೆ, ತೊಟ್ಟು ಬಂದು ಸೇರುವುದು ಆ ಸೀಳಿನಲ್ಲಿ. ಆ ಅಂದದ ಗಿಡದಲ್ಲಿ ತೊಟ್ಟು ಎಲೆಯ ನಡುಮಧ್ಯಕ್ಕೆ ಸೇರುತ್ತದೆ, ಕೊಡೆಯ ಕೋಲಿನ ಹಾಗೆ. ಅದನ್ನು ತಿನ್ನುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಅಡುಗೆಗೆ ಬೇಡ.

ಇನ್ನೊಂದು ಗೊಂದಲ ಹೆಸರಿನದು. ನಮ್ಮಲ್ಲಿ ಒಂದೆಲಗವನ್ನೂ ಬ್ರಾಹ್ಮಿ ಅನ್ನುತ್ತಾರೆ, ಬಕೋಪಾ ಅನ್ನುವ ಬೇರೆಯೇ ಗಿಡವನ್ನೂ ಬ್ರಾಹ್ಮಿ ಅನ್ನುತ್ತಾರೆ. ಈ ಎರಡನೆಯದು ನೀರು ಬ್ರಾಹ್ಮಿ. ಅದರ ಎಲೆ ಸಣ್ಣದು, ದಪ್ಪ, ಚಮಚದ ಆಕಾರ. ಎರಡೂ ಜೌಗಿನಲ್ಲಿ ಬೆಳೆಯುತ್ತವೆ, ಎರಡಕ್ಕೂ ಔಷಧದ ಹೆಸರಿದೆ, ಆದರೆ ರುಚಿ ಬೇರೆ, ಸಂಬಂಧವೂ ಇಲ್ಲ. ಒಂದೆಲಗ ಕೊತ್ತಂಬರಿ, ಕ್ಯಾರೆಟ್ ಕುಟುಂಬದ್ದು. ಎಲೆ ಹಿಸುಕಿ ಮೂಸಿದರೆ ಆ ನೆಂಟಸ್ತಿಕೆ ಗೊತ್ತಾಗುತ್ತದೆ. ಇಲಿಕಿವಿ ಅಂತ ಕರೆಯುವ ಇನ್ನೊಂದು ಬಳ್ಳಿಯ ಎಲೆಯೂ ಸುಮಾರು ಹೀಗೇ ಕಾಣುತ್ತದೆ. ಅದು ಹಳದಿ ಬಣ್ಣದ ಆಲಿಕೆಯಂಥ ಹೂ ಬಿಡುತ್ತದೆ. ಒಂದೆಲಗದ ಹೂ ಹುಡುಕಿದರೆ ಮಾತ್ರ ಸಿಗುತ್ತದೆ, ಎಲೆಯ ಕೆಳಗೆ ಮಣ್ಣಿಗೆ ತಾಗಿದಂತೆ, ಸಣ್ಣ ಕೆಂಪು ಛಾಯೆಯದು.

ಕೇಳಿ ತರುವಾಗ ಊರಿನ ಹೆಸರು ಹಿಡಿದು ಕೇಳಿ. ತುಳುವಿನಲ್ಲಿ ತಿಮರೆ, ಕೆಲವು ಹವ್ಯಕರ ಮನೆಗಳಲ್ಲಿ ಉರಗೆ, ತಮಿಳಿನಲ್ಲಿ ವಲ್ಲಾರೈ. ಬ್ರಾಹ್ಮಿ ಅಂತ ಕೇಳಿದರೆ ಏನು ಬೇಕಾದರೂ ಸಿಗಬಹುದು.

ತೊಟ್ಟಿನ ಉದ್ದ ನೋಡಿ

ಗಿಡ ಅದೇ ಅಂತ ಖಾತ್ರಿಯಾದ ಮೇಲೆ ನಾನು ಎಲೆ ನೋಡುವುದಿಲ್ಲ, ತೊಟ್ಟು ನೋಡುತ್ತೇನೆ. ಬೆಳಕು ಮತ್ತು ನೀರಿನ ಲೆಕ್ಕ ಅಲ್ಲಿ ಸಿಗುತ್ತದೆ.

ತೊಟ್ಟು ಗೇಣುದ್ದ ಬೆಳೆದು, ಎಲೆ ತೆಳ್ಳಗೆ, ಬಾಗಿ ಬೀಳುವ ಹಾಗಿದ್ದರೆ ನೆರಳು ಜಾಸ್ತಿ. ತೊಟ್ಟು ಒಂದಿಂಚೂ ಇಲ್ಲದೆ, ಎಲೆ ಸಣ್ಣದಾಗಿ ಗಟ್ಟಿಯಾಗಿ ಮಣ್ಣಿಗೆ ಅಂಟಿಕೊಂಡಿದ್ದರೆ ಬಿಸಿಲು ಜಾಸ್ತಿ, ಇಲ್ಲವೇ ಮಣ್ಣು ಪದೇ ಪದೇ ಒಣಗುತ್ತಿದೆ. ಎಲೆಗೆ ಕಂಚಿನ ಕೆಂಪು ಬಂದಿದ್ದರೆ ಬಿಸಿಲಿನ ಜೊತೆ ಹೊಟ್ಟೆಗೂ ಸಾಲುತ್ತಿಲ್ಲ ಅಂತ ಅರ್ಥ. ತೋಟದಲ್ಲಿ ಅದು ಬೆಳೆಯುವುದು ಅಡಿಕೆ ಮರದ ಹೆಡೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ. ತಾರಸಿಯಲ್ಲಿ ಅದಕ್ಕೆ ಹತ್ತಿರದ್ದು ಅಂದರೆ ಅರ್ಧ ಬಿಸಿಲು ತಡೆಯುವ ಶೇಡ್ ನೆಟ್, ಅಥವಾ ಬೆಳಗಿನ ಬಿಸಿಲು ಮಾತ್ರ ಬೀಳುವ ಪೂರ್ವದ ಗೋಡೆ.

ಜಾಗ ಬದಲಿಸಿದ ಮೇಲೆ ಹಳೆಯ ಎಲೆಯನ್ನು ನೋಡುತ್ತಾ ಕೂರಬೇಡಿ. ಅದು ಸುಧಾರಿಸುವುದಿಲ್ಲ. ಎರಡು ಮೂರು ವಾರ ಬಿಟ್ಟು ಹೊಸದಾಗಿ ಬಂದ ಎಲೆಯ ತೊಟ್ಟು ನೋಡಿ.

ಎಲೆ ಹಳದಿಯಾಗುತ್ತಿದೆ

ಜನ ನನ್ನನ್ನು ಹೆಚ್ಚು ಕೇಳುವುದು ಇದನ್ನೇ. ಉತ್ತರ ಕೊಡುವ ಮೊದಲು ನಾನು ಒಂದು ಪ್ರಶ್ನೆ ತಿರುಗಿ ಕೇಳುತ್ತೇನೆ: ಹಳದಿಯಾಗಿರುವುದು ಹಳೆಯ ಎಲೆಯೋ, ಹೊಸ ಎಲೆಯೋ?

ಹಳೆಯ ಎಲೆಗಳು ಮಾತ್ರ ಪೂರ್ತಿಯಾಗಿ ಪೇಲವವಾಗಿ, ಹೊಸ ಎಲೆ ಸಣ್ಣದಾಗಿ ಬರುತ್ತಿದ್ದರೆ ಮಣ್ಣಿನಲ್ಲಿ ಸತ್ವ ಮುಗಿದಿದೆ. ಇದು ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಿಂದ ಎತ್ತಿ ಹೊಸ ಎಲೆಗೆ ಕೊಡುತ್ತಿದೆ. ಎರಡು ಹಿಡಿ ಚೆನ್ನಾಗಿ ಕಳಿತ ಗೊಬ್ಬರ ಅಥವಾ ಎರೆಗೊಬ್ಬರ ಮೇಲೆ ಉದುರಿಸಿ ನೀರು ಹಾಕಿದರೆ ಸಾಕು. ಹಸಿ ಸಗಣಿ ಬೇಡ. ಇದನ್ನು ಹಸಿಯಾಗಿ ತಿನ್ನುತ್ತೇವೆ, ಎಲೆ ಮಣ್ಣಿಗೆ ತಾಗಿಕೊಂಡೇ ಇರುತ್ತದೆ ಅನ್ನುವುದು ನೆನಪಿರಲಿ.

ಹೊಸ ಎಲೆಯೇ ಹಳದಿ, ಅದರಲ್ಲಿ ನರ ಮಾತ್ರ ಹಸಿರಾಗಿ ಬಲೆಯ ಹಾಗೆ ಕಾಣುತ್ತಿದ್ದರೆ ಅದು ಬೇರೆ ಕಾಯಿಲೆ. ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ನಮ್ಮ ಕೆಮ್ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಆದರೆ ಗಡಸು ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗುತ್ತದೆ, ಆಗ ಇರುವ ಕಬ್ಬಿಣವೂ ಬೇರಿಗೆ ಸಿಗುವುದಿಲ್ಲ. ಇಲ್ಲಿ ಗೊಬ್ಬರ ಸುರಿದರೆ ಏನೂ ಬದಲಾಗದು. ನಾನು ಒಂದು ಇಡೀ ಬೇಸಿಗೆ ಅದನ್ನೇ ಮಾಡಿದೆ.

ಎಲೆಯ ಅಂಚು ಮಾತ್ರ ಸುಟ್ಟ ಹಾಗೆ ಕಂದಾಗಿ, ಕುಂಡದ ಹೊರಮೈ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ಸೇರಿದೆ. ಇದೂ ನೀರಿನದೇ.

ಊರಿಗೆ ಫೋನ್ ಮಾಡಿ ಗಿಡದ ಗೋಳು ಹೇಳಿಕೊಂಡಾಗ ಆಯಿ ಕೇಳಿದ್ದು ಒಂದೇ ಮಾತು, "ನೀರು ಎಲ್ಲಿದು?" ಬೋರ್‌ವೆಲ್ ನೀರು ಅಂದೆ. ಅಷ್ಟು ಹೊತ್ತಿಗೆ ನನಗೇ ಅನುಮಾನ ಬಂತು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದೆ, ಲೀಟರಿಗೆ 900 ಮಿಲಿಗ್ರಾಂ ಹತ್ತಿರ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಮನುಷ್ಯರಿಗೆ ನಡೆಯುತ್ತದೆ ಅಂತ ಕುಂಡಕ್ಕೂ ನಡೆಯಬೇಕೆಂದಿಲ್ಲ. ಕುಂಡದಿಂದ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸೇರಿ ಮೂರು ತಿಂಗಳಲ್ಲಿ ಬೇರಿನ ಸುತ್ತ ಉಪ್ಪಿನ ಮಣ್ಣೇ ಆಗಿಬಿಡುತ್ತದೆ. ತೋಟದ ಕಾಲುವೆಯಲ್ಲಿ ಹಾಗಾಗುವುದಿಲ್ಲ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅದು ತೊಳೆದು ಹೋಗುತ್ತಿರುತ್ತದೆ.

ಇನ್ನೊಂದು ಮಾತು. ಆರ್‌ಓ ನೀರು ಶುದ್ಧಿ ಯಂತ್ರದಿಂದ ವ್ಯರ್ಥವಾಗಿ ಹೊರಬರುವ ನೀರನ್ನು ಚೆಲ್ಲಲು ಮನಸ್ಸಾಗದೆ ಬಹಳ ಮಂದಿ ಗಿಡಕ್ಕೆ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಉಪ್ಪಿನಂಶ ಮೂಲ ನೀರಿಗಿಂತ ಜಾಸ್ತಿ ಇರುತ್ತದೆ. ಅದರಲ್ಲಿ ನೆಲ ಒರೆಸಿ, ಬಚ್ಚಲು ತೊಳೆಯಿರಿ. ಒಂದೆಲಗಕ್ಕೆ ಹಾಕಬೇಡಿ.

ತಪ್ಪು ನೀರಿನದೇ ಎಂದು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿ. ಒಂದೇ ಬಳ್ಳಿಯ ಎರಡು ಗಣ್ಣು ಕತ್ತರಿಸಿ, ಒಂದೇ ಮಣ್ಣು ತುಂಬಿದ ಎರಡು ಸಣ್ಣ ಡಬ್ಬಿಗಳಲ್ಲಿ ನೆಡಿ. ಒಂದಕ್ಕೆ ಮಾಮೂಲಿ ನೀರು, ಇನ್ನೊಂದಕ್ಕೆ ಹಿಡಿದಿಟ್ಟ ಮಳೆನೀರು. ಮೂರು ವಾರದಲ್ಲಿ ಹೊಸ ಎಲೆಯ ಬಣ್ಣವೇ ಉತ್ತರ ಹೇಳುತ್ತದೆ. ನನ್ನ ಮನೆಯಲ್ಲಿ ಎರಡನೇ ವಾರಕ್ಕೇ ವ್ಯತ್ಯಾಸ ಕಂಡಿತು.

ಪರಿಹಾರವೂ ಅದೇ. ಮಳೆನೀರು ಹಿಡಿದಿಡಿ. ಅದು ಆಗದಿದ್ದರೆ ಕಾವೇರಿ ನೀರು ಬಂದ ದಿನ ಎರಡು ಬಕೆಟ್ ಗಿಡಕ್ಕೆಂದು ತೆಗೆದಿಡಿ. ತಿಂಗಳಿಗೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದು ಹೋಗುವ ಹಾಗೆ ಒಳ್ಳೆಯ ನೀರು ಹೊಯ್ದು ಉಪ್ಪು ತೊಳೆಯಿರಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಳಸಿದ್ದರೆ ಅದನ್ನೂ ಅನುಮಾನಿಸಿ. ತೊಳೆಯದ ಕೊಕೊಪೀಟಿನಲ್ಲೂ ಉಪ್ಪಿರುತ್ತದೆ.

ಮಣ್ಣು ಒದ್ದೆ ಇದೆ, ಗಿಡ ಬಾಡಿದೆ

ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಂತರೆ ಚಿಂತೆ ಬೇಡ, ಬಿಸಿಲಿಗೆ ಹಾಗಾಗುತ್ತದೆ. ಬೆಳಿಗ್ಗೆ ಎದ್ದು ನೋಡುವಾಗಲೂ ಬಾಡಿದ್ದರೆ ಬೇರು ಕೆಟ್ಟಿದೆ.

ಜೌಗಿನ ಗಿಡ ಅಲ್ವಾ, ನೀರಲ್ಲೇ ನಿಂತಿರಲಿ ಅಂತ ನಾನು ತಟ್ಟೆಯಲ್ಲಿ ನೀರು ತುಂಬಿಸಿ ಅದರಲ್ಲಿ ಕುಂಡ ಇಟ್ಟಿದ್ದೆ. ವಾರಕ್ಕೊಮ್ಮೆಯೂ ಆ ನೀರು ಬದಲಿಸಲಿಲ್ಲ. ಕುಂಡದ ತಳದ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂತು. ಒಂದೆಲಗ ಬೆಳೆಯುವ ಜಾಗವನ್ನು ಸರಿಯಾಗಿ ನೋಡಿರಲಿಲ್ಲ ನಾನು. ಅದು ಇರುವುದು ಕಾಲುವೆಯ ಒಳಗಲ್ಲ, ಅಂಚಿನಲ್ಲಿ. ಗದ್ದೆಯ ಒಳಗಲ್ಲ, ಬದುವಿನಲ್ಲಿ. ಬೇರಿಗೆ ಸದಾ ತೇವ ಸಿಗುತ್ತದೆ, ಆದರೆ ನೀರು ಸರಿಯುತ್ತಲೂ ಇರುತ್ತದೆ, ಗಾಳಿಯೂ ಸಿಗುತ್ತದೆ.

ಗಿಡ ಮೆಲ್ಲಗೆ ಎತ್ತಿ ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಂದಾಗಿ, ಎಳೆದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಕೊಳೆತಿದೆ. ಆಗ ಗಿಡವನ್ನು ಉಳಿಸಲು ಒದ್ದಾಡಬೇಡಿ. ಬಳ್ಳಿಯ ತುದಿಯ ಕಡೆ ಚೆನ್ನಾಗಿರುವ ಗಣ್ಣುಗಳನ್ನು ಕತ್ತರಿಸಿ ಹೊಸ ಮಣ್ಣಿಗೆ ಹಾಕಿ. ಇದರ ಪ್ರತಿ ಗಣ್ಣೂ ಬೇರು ಬಿಡುತ್ತದೆ. ಬೇರಿನಲ್ಲಿ ಸಾಸಿವೆಯಷ್ಟು ದಪ್ಪದ ಗಂಟುಗಳು ಸಾಲಾಗಿ ಕಂಡರೆ ಅದು ಬೇರುಗಂಟು ಜಂತು. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬೇಡಿ, ಹೊಸ ಮಣ್ಣಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ.

ತೂತು, ಗೆರೆ, ಚುಕ್ಕೆ

ಇವು ಅಷ್ಟು ದೊಡ್ಡ ವಿಷಯವಲ್ಲ. ಎಲೆಯ ಮೇಲೆ ಬಿಳಿ ಡೊಂಕು ಗೆರೆ ಇದ್ದರೆ ರಂಗೋಲಿ ಹುಳು. ತೂತು ಬಿದ್ದು ಪಕ್ಕದಲ್ಲಿ ಹೊಳೆಯುವ ಅಂಟಿನ ಜಾಡಿದ್ದರೆ ಬಸವನ ಹುಳು, ರಾತ್ರಿ ಟಾರ್ಚ್ ಹಿಡಿದು ಹೋದರೆ ಸಿಗುತ್ತದೆ. ಬೇಸಿಗೆಯಲ್ಲಿ ಎಲೆ ತುಂಬ ಸೂಜಿ ಚುಚ್ಚಿದ ಹಾಗೆ ಚುಕ್ಕೆ ಬಂದು, ಅಡಿಯಲ್ಲಿ ನವಿರು ಬಲೆ ಇದ್ದರೆ ನುಸಿ. ಕಂದು ಚುಕ್ಕೆ ದಿನೇ ದಿನೇ ದೊಡ್ಡದಾಗುತ್ತಿದ್ದರೆ ಬೂಷ್ಟಿನ ರೋಗ, ಸಂಜೆ ಹೊತ್ತು ಎಲೆಯ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ.

ಎಲ್ಲದಕ್ಕೂ ನನ್ನ ಮದ್ದು ಒಂದೇ. ಕತ್ತರಿ ತೆಗೆದುಕೊಂಡು ಮಣ್ಣಿನ ಮಟ್ಟಕ್ಕೆ ಪೂರ್ತಿ ಕತ್ತರಿಸಿ, ಎಲೆಯನ್ನೆಲ್ಲ ದೂರ ಎಸೆಯಿರಿ. ತಿಂಗಳೊಳಗೆ ಹೊಸ ಎಲೆ ತುಂಬಿಕೊಳ್ಳುತ್ತದೆ. ಹಸಿಯಾಗಿ ರುಬ್ಬುವ ಸೊಪ್ಪಿಗೆ ವಿಷದ ಔಷಧ ಹೊಡೆಯುವುದು ಬೇಡವೇ ಬೇಡ.

ಕುಂಡದ ನಡುವೆ ಬೋಳು, ಬಳ್ಳಿಯೆಲ್ಲ ಹೊರಗೆ

ಇದು ರೋಗವಲ್ಲ, ಅದರ ಸ್ವಭಾವ. ಒಂದೆಲಗ ಎತ್ತರಕ್ಕೆ ಬೆಳೆಯುವುದಿಲ್ಲ, ನಡೆಯುತ್ತದೆ. ಗಣ್ಣಿನಿಂದ ಗಣ್ಣಿಗೆ ಬೇರಿಳಿಸುತ್ತಾ ಮುಂದೆ ಹೋಗುತ್ತದೆ, ಹಿಂದಿನದು ಮುದಿಯಾಗುತ್ತದೆ. ಕುಂಡದಂಚು ದಾಟಿ ನೇತಾಡುವ ಗಣ್ಣಿಗೆ ಮಣ್ಣು ಸಿಗದೆ ಅದು ಸೊರಗುತ್ತದೆ. ಆ ಬಳ್ಳಿಯನ್ನು ಹಿಡಿದು ನಡುವಿನ ಬೋಳು ಜಾಗಕ್ಕೆ ತಿರುಗಿಸಿ, ಗಣ್ಣಿನ ಮೇಲೆ ಒಂದು ಚಿಕ್ಕ ಕಲ್ಲಿಡಿ. ಆಳದ ಕಿರಿದಾದ ಕುಂಡಕ್ಕಿಂತ ಆರೆಂಟು ಇಂಚು ಆಳದ ಅಗಲ ಟಬ್ ಒಳ್ಳೆಯದು. ವರ್ಷಕ್ಕೊಮ್ಮೆ, ಮೊದಲ ಮಳೆ ಬಿದ್ದ ಮೇಲೆ, ಮಣ್ಣು ಬದಲಿಸಿ ಎಳೆಯ ಗಣ್ಣುಗಳನ್ನು ಮತ್ತೆ ನೆಡಿ.

ಗಿಡ ಸೊಂಪಾಗಿದೆ, ಆದರೆ ತಿನ್ನಬಾರದು

ಕಣ್ಣಿಗೆ ಕಾಣದ ದೋಷ ಇದು. ಹಾಗಾಗಿ ಇದರ ಬಗ್ಗೆಯೇ ನನಗೆ ಹೆಚ್ಚು ಕಾಳಜಿ. ನಗರದ ಕೆರೆಯಂಚಿನಲ್ಲಿ, ಚರಂಡಿ ಪಕ್ಕದಲ್ಲಿ ಒಂದೆಲಗ ಅದ್ಭುತವಾಗಿ ಬೆಳೆದಿರುತ್ತದೆ, ಎಲೆ ಅಂಗೈಯಗಲ. ದಯವಿಟ್ಟು ಕೊಯ್ಯಬೇಡಿ. ಈ ಗಿಡ ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಒಳಗೆ ಹೀರಿಕೊಳ್ಳುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ನೊರೆ ಎದ್ದದ್ದನ್ನು ಕಂಡವರಿಗೆ ಆ ನೀರಿನಲ್ಲಿ ಏನೆಲ್ಲ ಇರಬಹುದು ಅಂತ ಬಿಡಿಸಿ ಹೇಳಬೇಕಿಲ್ಲ.

ಹಳ್ಳಿಯಲ್ಲಿ ಬೇರೆ ಅಪಾಯ. ದನ, ಕುರಿ ಮೇಯುವ, ನೀರು ನಿಂತ, ಬಸವನ ಹುಳು ಇರುವ ಜಾಗದಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳು ನೀರಂಚಿನ ಎಲೆಗಳಿಗೆ ಅಂಟಿಕೊಂಡಿರಬಹುದು. ದನಗಳಿಗೆ ಬರುವ ಈ ಹುಳು ಹಸಿ ಸೊಪ್ಪಿನಿಂದ ಮನುಷ್ಯರಿಗೂ ಬರುತ್ತದೆ. ತೊಳೆದರೆ ಪೂರ್ತಿ ಹೋಗುತ್ತದೆ ಅಂತ ನಂಬುವ ಹಾಗಿಲ್ಲ, ಬೇಯಿಸಿದರೆ ಸಾಯುತ್ತದೆ. ಚಿಕ್ಕಂದಿನಲ್ಲಿ ನಾವು ಕಾಲುವೆಯಿಂದ ಕಿತ್ತು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಈಗ ನನ್ನ ಮಕ್ಕಳಿಗೆ ಬಿಡುವುದಿಲ್ಲ. ಅಂಥ ಜಾಗದಿಂದ ತಂದಿದ್ದರೆ ಎಲೆ ತಿನ್ನಬೇಡಿ, ಬಳ್ಳಿಯನ್ನು ನೆಡಿ. ನಿಮ್ಮ ಕುಂಡದಲ್ಲಿ ಶುದ್ಧ ನೀರಿನಲ್ಲಿ ಹೊಸದಾಗಿ ಬಂದ ಎಲೆ ಮಾತ್ರ ಹಸಿಯಾಗಿ ಬಳಸಿ.

ತಂಬುಳಿ ಕಹಿಯಾಯಿತು, ಒಡೆಯಿತು

ನಾನು ಮಾಡುವ ಅಳತೆ ಹೇಳುತ್ತೇನೆ. ಒಂದು ಹಿಡಿ ಎಲೆ, ಅರ್ಧ ಬಟ್ಟಲು ಕಾಯಿತುರಿ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು. ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ, ಉಪ್ಪು ಸೇರಿಸಿ, ತುಪ್ಪದಲ್ಲಿ ಜೀರಿಗೆ ಒಣಮೆಣಸಿನ ಒಗ್ಗರಣೆ.

ಸ್ವಲ್ಪ ಕಹಿ ಅದರ ಗುಣ, ಇರಬೇಕು. ಬಾಯಿಗಿಡಲಾರದಷ್ಟು ಕಹಿಯಾದರೆ ಮೂರು ಕಡೆ ನೋಡಿ. ಎಲೆ ಬಲಿತಿತ್ತೇ? ಬಿಸಿಲಲ್ಲಿ ಬೆಳೆದ ಗಟ್ಟಿ ಎಲೆಯೇ? ಹಿಡಿಗಿಂತ ಜಾಸ್ತಿ ಹಾಕಿದಿರೇ? ಒಳ್ಳೆಯದಲ್ವಾ ಅಂತ ಮೂರು ಹಿಡಿ ಹಾಕಿದರೆ ಮನೆಯಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. ಹಸಿ ವಾಸನೆ ಹಿಡಿಸದಿದ್ದರೆ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಆರಿಸಿ, ಆಮೇಲೆ ರುಬ್ಬಿ. ಕಹಿಯ ಮೊನಚೂ ಕಡಿಮೆಯಾಗುತ್ತದೆ.

ಒಡೆದರೆ ಕಾರಣ ಒಂದೇ, ಬಿಸಿ. ತಂಬುಳಿ ಕುದಿಸುವ ಪದಾರ್ಥವಲ್ಲ. ಬಾಡಿಸಿದ ಎಲೆ ಬಿಸಿ ಇರುವಾಗಲೇ ಮಜ್ಜಿಗೆಗೆ ಸೇರಿಸಿದರೂ, ಮಿಕ್ಸಿಯನ್ನು ನಿಲ್ಲಿಸದೆ ಓಡಿಸಿ ಜಾರ್ ಕಾದರೂ ಕೆಡುತ್ತದೆ. ತಣ್ಣೀರು ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಬಣ್ಣ ಕಪ್ಪಾದರೆ ಕೊಯ್ದು ಬಹಳ ಹೊತ್ತು ಇಟ್ಟಿದ್ದೀರಿ, ಅಥವಾ ಬೆಳಿಗ್ಗೆ ಮಾಡಿದ್ದನ್ನು ರಾತ್ರಿ ನೋಡುತ್ತಿದ್ದೀರಿ. ಅದು ಆ ಹೊತ್ತಿಗೆ ಮಾಡಿ ಆ ಹೊತ್ತಿಗೇ ಉಣ್ಣುವಂಥದ್ದು.

ತಿಂದ ಮೇಲೆ ಆಗಿಬರದಿದ್ದರೆ

ವಾರಕ್ಕೆರಡು ದಿನ ತಂಬುಳಿ, ಚಟ್ನಿ ಮಾಡಿ ತಿನ್ನುವುದು ಊಟ. ದಿನಾ ಬೆಳಿಗ್ಗೆ ರಸ ಹಿಂಡಿ ಕುಡಿಯುವುದು, ಪುಡಿ ಮಾತ್ರೆ ನುಂಗುವುದು ಔಷಧ. ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ. ನೆನಪಿನ ಶಕ್ತಿಗೆ ಅಂತ ಮಕ್ಕಳಿಗೆ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಒಂದೆರಡು ಎಲೆಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಒಂದೆಲಗದ ಮಾತ್ರೆಗಳನ್ನು ವಾರಗಟ್ಟಲೆ ತೆಗೆದುಕೊಂಡ ಮೂವರು ಮಹಿಳೆಯರಿಗೆ ಯಕೃತ್ತಿನ ಉರಿಯೂತ ಬಂದ ವರದಿಯೊಂದು 2005ರಲ್ಲಿ ಪ್ರಕಟವಾಗಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಅವರು ಸುಧಾರಿಸಿದರು. ಇಂಥದ್ದು ಅಪರೂಪ, ಆದರೂ ಯಕೃತ್ತಿನ ತೊಂದರೆ ಇರುವವರು, ಬಸುರಿಯರು, ನಿದ್ದೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಔಷಧದ ಪ್ರಮಾಣದಲ್ಲಿ ಬಳಸಬಾರದು. ಹೊಟ್ಟೆ ತೊಳಸಿದರೆ, ತಲೆನೋವು, ಮಂಪರು ಬಂದರೆ ನಿಲ್ಲಿಸಿ. ಕಣ್ಣು ಹಳದಿಯಾದರೆ ಅಥವಾ ಮೂತ್ರ ಗಾಢ ಹಳದಿಯಾದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ಏನು ಎಷ್ಟು ದಿನ ತಿಂದಿರಿ ಅಂತ ಮುಚ್ಚಿಡದೆ ಹೇಳಿ.

ತಲೆಗೆ ಹಚ್ಚುವ ಎಣ್ಣೆ ಕಮಟಿತು

ಒಂದೆಲಗದ ರಸ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ಒಂದೇ ತಿಂಗಳಿಗೆ ವಾಸನೆ ಬಂದರೆ, ತಳದಲ್ಲಿ ಬೂಷ್ಟು ಕಂಡರೆ, ನೀರು ಪೂರ್ತಿ ಹೋಗುವ ಮೊದಲೇ ಇಳಿಸಿದ್ದೀರಿ. ಕಣ್ಣಂದಾಜಿನಲ್ಲಿ ಇದು ತಿಳಿಯುವುದಿಲ್ಲ. ಆಯಿ ಮಾಡುತ್ತಿದ್ದ ಪರೀಕ್ಷೆ ಹೀಗೆ: ಎಣ್ಣೆಯೊಳಗಿನ ಎಲೆಯ ಚರಟವನ್ನು ಸ್ವಲ್ಪ ತೆಗೆದು ಬೆರಳಲ್ಲಿ ಉರುಳಿಸಿದರೆ ಬತ್ತಿಯ ಹಾಗೆ ನಿಲ್ಲಬೇಕು. ಅದನ್ನು ಬೆಂಕಿಗೆ ಹಿಡಿದರೆ ಚಟಪಟ ಸದ್ದಿಲ್ಲದೆ ಉರಿಯಬೇಕು. ಸದ್ದು ಬಂದರೆ ಇನ್ನೂ ನೀರಿದೆ, ಸಣ್ಣ ಉರಿಯಲ್ಲಿ ಮತ್ತೆ ಇಡಿ. ಚರಟ ಕಪ್ಪಾಗಿ ಮರಳಿನ ಹಾಗೆ ಗಟ್ಟಿಯಾಗಿದ್ದರೆ ಹೆಚ್ಚು ಕಾದಿದೆ, ಎಣ್ಣೆಗೆ ಸೀದ ವಾಸನೆ ಬಂದಿರುತ್ತದೆ, ಅದನ್ನು ಸರಿಪಡಿಸಲು ಆಗುವುದಿಲ್ಲ. ಸರಿಯಾಗಿ ಬಂದದ್ದನ್ನು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಸಿಲಲ್ಲಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿಸಿ. ಒದ್ದೆ ಚಮಚ ಹಾಕಬೇಡಿ.